ಮುಂಬರುವ ದೋಷವೂ ಇಂದಿನ ನೋವೂ

ಮಾಡಿದ ತಪ್ಪಿಗೆ ದಂಡನೆಯುಂಟು. ಮಾಡಬಹುದಾದ ತಪ್ಪಿಗೂ ದಂಡನೆಯುಂಟೆ? ಧರ್ಮಜಿಜ್ಞಾಸುಗಳ ಈ ಹಳೆಯ ಪ್ರಶ್ನೆಯು ಈಗ ವೈದ್ಯರ ಮುಂದೆಯೂ ಬಂದು ನಿಂತಿದೆ.

ಅಫೀಮಿನ ವರ್ಗಕ್ಕೆ ಸೇರಿದ ಮಾರ್ಫೀನು ಮೊದಲಾದ ಔಷಧಗಳು ತೀವ್ರವೇದನೆಯನ್ನು ಶಮನಗೊಳಿಸುವುವು. ಕೆಲವರನ್ನು ವ್ಯಸನಕ್ಕೂ ಗುರಿಮಾಡುವುವು. ಆ ಕೆಲವರು ಯಾರೆಂಬುದನ್ನು ಮೊದಲೇ ಅರಿಯಲೆಂದು ಹುಟ್ಟಿದ ಪರೀಕ್ಷೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಅನುಮತಿಯಿತ್ತಿತು. ಕೆನ್ನೆಯ ಒಳಮೈಯನ್ನು ಒರಸಿ, 15 ವಂಶವಾಹಿ ಚಿಹ್ನೆಗಳನ್ನು ಪರಿಶೀಲಿಸಿ, ಅಲ್ಪಕಾಲದ ನೋವಿಗಾಗಿ ಮೊದಲ ಸಲ ಇಂತಹ ಔಷಧವನ್ನು ಸೇವಿಸಬೇಕಾದವನಿಗೆ ಎಷ್ಟು ಅಪಾಯವೆಂಬುದನ್ನು ಅದು ಹೇಳುವುದು. ಅನೇಕ ವಿಜ್ಞಾನಿಗಳು ಅದರ ವಿಶ್ವಾಸಾರ್ಹತೆಯನ್ನು ಆಕ್ಷೇಪಿಸಿರುವರು.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ತರುವಾಯ ಅಲ್ಲಿಯ ಸಹಸ್ರಾರು ಜನರು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಅಂತಹವನೊಬ್ಬನು ಕಾಲು ಮುರಿದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದನೆಂದೂ, ಇಂತಹ ಪರೀಕ್ಷೆಯು ಅವನನ್ನು ವ್ಯಸನಕ್ಕೆ ಬೀಳತಕ್ಕವನೆಂದು ಸಾರಿತೆಂದೂ ಭಾವಿಸಬಹುದು. ಆ ಮಾತಿನ ಬೆಲೆಯೆಷ್ಟು? ನೂರು ರೋಗಿಗಳಲ್ಲಿ 5 ಮಂದಿ ಬೀಳತಕ್ಕವರೆಂದೂ, ಪರೀಕ್ಷೆಯು ಎರಡು ಬಗೆಯವರಲ್ಲಿಯೂ ನೂರಕ್ಕೆ 80ರಷ್ಟು ಸರಿಯೆಂದೂ ಇಟ್ಟುಕೊಂಡರೆ, ಆ ಐವರಲ್ಲಿ 4 ಮಂದಿಯನ್ನು ಅದು ಗುರುತಿಸೀತು. ಉಳಿದ 95 ಮಂದಿಯಲ್ಲಿ 19 ಮಂದಿಗೆ ಸುಳ್ಳು ಕಳಂಕವನ್ನು ಹಚ್ಚೀತು. ನಿರ್ಭಯರೆಂದು ಬಿಟ್ಟ 77 ಮಂದಿಯಲ್ಲಿಯೂ ಒಬ್ಬನು ಬಿದ್ದಾನು.

ವೈದ್ಯನ ಭಯವು ನಿರಾಧಾರವಾದುದಲ್ಲ. ವ್ಯಸನವು ಸಂಸಾರವನ್ನೇ ಹಾಳುಮಾಡಬಲ್ಲುದು. ಆದರೆ ಭಯವೇ ನೀತಿಯಾದಾಗ ಏನಾಗುವುದೆಂಬುದನ್ನು ಈ ದೇಶವು ಕಂಡಿದೆ. 1985ರ ಮಾದಕದ್ರವ್ಯಗಳ ಕಾನೂನಿನ ಕಟ್ಟುಪಾಡುಗಳಿಗೆ ಅಂಜಿ ಎಷ್ಟೋ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಬಿಟ್ಟವು. ಅರ್ಬುದರೋಗಿಗಳು ನರಳಿದರು. 2014ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಇದೇ ಗಣಿಗಳ ನೆಲದಲ್ಲಿ ಬೇರೊಂದು ಪಾಠವೂ ಉಂಟು. ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ಸಿಡಿಯುವ ಭೀತಿ ಸದಾ ಇದ್ದಿತು. ಆ ಭೀತಿಯನ್ನು ಅರಿತವರು ಅಗೆದ ಜಾಗಗಳಿಗೆ ಕಲ್ಲಿನ ಕಟ್ಟಡದ ಆಸರೆಯನ್ನು ಕೊಟ್ಟರು. ಅಪಾಯದ ಅರಿವಿನ ಧರ್ಮವು ಇದೇ: ಆಸರೆಯನ್ನು ಹೆಚ್ಚಿಸುವುದು.

ರೋಗಿಯ ವಿಷಯದಲ್ಲಿಯೂ ಹೀಗೆಯೇ. ಔಷಧವನ್ನು ಅಳೆದು ಕೆಲವೇ ದಿನ ಕೊಡುವುದು, ಮತ್ತೆ ಮತ್ತೆ ಬರಹೇಳಿ ವಿಚಾರಿಸುವುದು, ಮನೆಯವರಿಗೆ ತಿಳಿವಳಿಕೆ ಹೇಳುವುದು, ಇವು ಎಲ್ಲ ರೋಗಿಗಳಿಗೂ ಸಲ್ಲತಕ್ಕವು. ಚಿಹ್ನೆಯು ಕಂಡವನಿಗೆ ಇನ್ನಷ್ಟು ಸಲ್ಲತಕ್ಕವು. ಪರೀಕ್ಷೆಯ ಫಲವು ದುಡಿಮೆ ಕೊಡುವವನ ಕಿವಿಗೆ ಬೀಳಲಾಗದು. ವಂಶವಾಹಿಯು ಹೇಳುವುದು ಸಂಭವವನ್ನು; ಆತನ ಶೀಲವನ್ನಲ್ಲ. ನಾಳೆಯ ಪತನವು ಸಂದೇಹ, ಇಂದಿನ ನೋವು ನಿಶ್ಚಯ. ಸಂದೇಹಕ್ಕೆ ಎಚ್ಚರವು ಸಲ್ಲಲಿ. ನಿಶ್ಚಯವಾದ ನೋವಿಗೆ ಔಷಧವು ತಪ್ಪದಿರಲಿ.