ಕೇಳದೆ ಕರೆದುಕೊಂಡು ಹೋದವರು

ಪುಣೆಯಿಂದ ತೀರ್ಥಹಳ್ಳಿಗೆ ಸುಮಾರು 700 ಕಿಲೋಮೀಟರ್. ಈ ದಾರಿಯಲ್ಲಿ ಬಸ್ಸು, ರೈಲು, ಕಾರು ಎಲ್ಲದರಲ್ಲೂ ಓಡಾಡಿದ್ದೇನೆ, ಆದರೆ ಈ ಸಲದಷ್ಟು ಲೆಕ್ಕಾಚಾರ ಎಂದೂ ಹಾಕಿದವನಲ್ಲ. ಕಾರಣ, ಈ ಸಲ ಜೊತೆಗೆ ನಾಯಿ ಬರುತ್ತದೆ. ಹೆಸರು ಮೋತಿ, ವಯಸ್ಸು ಹನ್ನೊಂದು, ಜಾತಿ ಬೀದಿಯದು. ಊರಿನಲ್ಲಿ ಅಣ್ಣನಿಗೆ ಮೈ ಹುಷಾರಿಲ್ಲ, ನಾನೂ ನನ್ನ ಹೆಂಡತಿಯೂ ಒಂದು ತಿಂಗಳಾದರೂ ಹೋಗಿ ಇರಬೇಕು. ಹಿಂದೊಮ್ಮೆ ಮೋತಿಯನ್ನು ದುಡ್ಡು ಕೊಟ್ಟು ನೋಡಿಕೊಳ್ಳುವವರ ಹತ್ತಿರ ಬಿಟ್ಟು ಹೋಗಿದ್ದೆವು. ಮೂರು ದಿನ ಅನ್ನ ಮುಟ್ಟಲಿಲ್ಲ.

ಬ್ಯಾಂಕಿನಲ್ಲಿದ್ದವನ ಚಟ, ಒಂದು ನೋಟ್‌ಬುಕ್ ತೆಗೆದು ಬರೆಯತೊಡಗಿದೆ. ರೈಲಿನಲ್ಲಿ ನಾಯಿ ನಮ್ಮ ಜೊತೆಗೇ ಇರಬೇಕಾದರೆ ಫಸ್ಟ್ ಎ.ಸಿ.ಯ ಇಡೀ ಕೂಪೆ ನಮಗೆ ಸಿಗಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೊಳಗೆ ಒಂಟಿಯಾಗಿ ಬರಬೇಕು. ಅದು ಬೇಡ. ಕಾರಿನಲ್ಲೇ ಹೋಗುವುದು, ರಾತ್ರಿ ಧಾರವಾಡದ ಸ್ನೇಹಿತರ ಮನೆಯಲ್ಲಿ ಉಳಿಯುವುದು ಎಂದಾಯಿತು. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಬಾರದು, ಎರಡು ಮೂರು ಗಂಟೆಗೊಮ್ಮೆ ಇಳಿಸಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು ಹತ್ತು ಡಿಗ್ರಿ ಶಾಖ ಏರಿಬಿಡುತ್ತದೆ. ಹಾಗಾಗಿ ಹೋಟೆಲಿನಲ್ಲಿ ನಾವಿಬ್ಬರೂ ಒಟ್ಟಿಗೆ ಊಟಕ್ಕೆ ಕೂರುವ ಹಾಗಿಲ್ಲ, ಪಾಳಿಯ ಮೇಲೆ.

"ಮಂಪರಿನ ಮಾತ್ರೆ ಕೊಡ್ತೀರಾ?" ಎಂದು ಡಾಕ್ಟರನ್ನು ಕೇಳಿದೆ. ಅವರು ಒಪ್ಪಲಿಲ್ಲ. ವಯಸ್ಸಾದ ನಾಯಿ, ಮಂಪರಿನಲ್ಲಿ ಕಾಲಿನ ಹಿಡಿತ ತಪ್ಪಿ ಬೀಳಬಹುದು, ಉಸಿರಾಟಕ್ಕೂ ತೊಂದರೆ ಆಗಬಹುದು ಎಂದರು. ಆಮೇಲೆ ಯೋಚಿಸಿದೆ, ಆ ಮಾತ್ರೆಯನ್ನು ನಾನು ಯಾರ ನೆಮ್ಮದಿಗಾಗಿ ಕೇಳಿದೆ?

ಇದನ್ನೆಲ್ಲ ಫೋನಿನಲ್ಲಿ ಹೈದರಾಬಾದಿನ ಮಗಳಿಗೆ ಹೇಳುತ್ತಿದ್ದೆ. ಅವಳು ನಗುತ್ತಲೇ, "ಅಪ್ಪ, ಮೋತಿಗೋಸ್ಕರ ಇಷ್ಟೆಲ್ಲ ಯೋಚನೆ ಮಾಡ್ತಿದೀರಲ್ಲ, ನಾಗಪುರಕ್ಕೆ ಹೋಗುವಾಗ ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದಳು.

1995ರ ಮಾತು ಅದು. ಶಿವಮೊಗ್ಗದಲ್ಲಿದ್ದೆ. ಪ್ರಮೋಷನ್ ಬಂತು, ಜೊತೆಗೆ ವರ್ಗವೂ ಬಂತು. ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ನಾಗಪುರದ ಶಾಲೆಯಲ್ಲಿ ವರ್ಷವಿಡೀ ಬಾಯಿ ಬಿಡದೆ ಕೂತಿದ್ದಳು. ಆರ್ಡರ್ ಬಂದಿತ್ತು, ಹೋಗದಿದ್ದರೆ ಪ್ರಮೋಷನ್ ಕೈತಪ್ಪುತ್ತಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಸುಳ್ಳಲ್ಲ. ಆದರೆ ಕೇಳಿದರೆ ಬೇಡ ಅನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಹೆಂಡತಿಯನ್ನೂ ಕೇಳಿದ ನೆನಪಿಲ್ಲ, ಸಾಮಾನು ಕಟ್ಟಲು ಎಷ್ಟು ದಿನ ಬೇಕು ಎಂದಷ್ಟೇ ಕೇಳಿದ್ದೆ.

ನಾಯಿ, ಪ್ರಯಾಣ ಎಂದೊಡನೆ ನಮಗೆಲ್ಲ ಧರ್ಮರಾಯ ನೆನಪಾಗುತ್ತಾನೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದವನು. ದೊಡ್ಡ ಮಾತೇ. ಆದರೆ ಆ ನಾಯಿ ಹಸ್ತಿನಾವತಿಯಿಂದ ತಾನಾಗಿ ಬೆನ್ನು ಹತ್ತಿ ಬಂದದ್ದು. ಅವನಿಗಿದ್ದದ್ದು ಬಿಡಬೇಕೋ ಬಾರದೋ ಎಂಬ ಪ್ರಶ್ನೆ. ನಾನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸುವವನು. ಮೋತಿಗೆ ಇಲ್ಲಿಯ ಗಲ್ಲಿಯೇ ಊರು. ನಮ್ಮ ಕನ್ನಡ ಅದಕ್ಕೆ ತಿಳಿಯುತ್ತದೆ, ಆದರೂ ಪಕ್ಕದ ಮನೆಯ ಹುಡುಗರು 'ಇಕಡೇ ಯೇ' ಎಂದರೆ ಇನ್ನೂ ಬೇಗ ಓಡುತ್ತದೆ. ನಾನು 'ಊರಿಗೆ' ಹೊರಟಿದ್ದೇನೆ, ಅದು ಊರು ಬಿಟ್ಟು ಹೊರಟಿದೆ. ಮಕ್ಕಳನ್ನು ಪ್ರತಿ ಬೇಸಿಗೆಯಲ್ಲಿ ಊರಿಗೆ ಎಳೆದುಕೊಂಡು ಹೋಗುವಾಗಲೂ ಹೀಗೇ ಇತ್ತೇನೋ.

ನಾಯಿ ಬಾಯಿ ಬಿಟ್ಟು ಹೇಳುವುದಿಲ್ಲ ಎನ್ನುತ್ತೇವೆ. ನೋಡಿದರೆ ಹೇಳುತ್ತದೆ. ಜೊಲ್ಲು ಸುರಿಸುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ನಡುಗುತ್ತದೆ. ಒಂದು ವಾರದಿಂದ ಖೇಡ ಶಿವಾಪುರದ ಟೋಲ್ ನಾಕಾದವರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದೇವೆ. ಮೊದಲ ದಿನ ವಾಂತಿ ಮಾಡಿತು. ನಾಲ್ಕನೇ ದಿನ ಕಿಟಕಿಗೆ ಮೂಗಿಟ್ಟು ಕೂತಿತು. ಇದು ಒಪ್ಪಿಗೆಯೋ, ಬೇರೆ ದಾರಿಯಿಲ್ಲದೆ ಹೊಂದಿಕೊಂಡದ್ದೋ? ಮಗಳೂ ಎರಡನೇ ವರ್ಷ ಮರಾಠಿ ಕಲಿತಿದ್ದಳು, ಆಗ ನಾನು ಅದನ್ನು ಒಪ್ಪಿಗೆ ಎಂದೇ ಬರೆದುಕೊಂಡಿದ್ದೆ.

ವರ್ಗದ ಆರ್ಡರಿನಲ್ಲಿ ಹಿಂದಿರುಗುವ ಕಲಮು ಇರಲಿಲ್ಲ. ಇದರಲ್ಲಿ ಹಾಕಿಕೊಳ್ಳಬಹುದು. ಪುಣೆಯಿಂದ ಸಾತಾರಾ ಸುಮಾರು 110 ಕಿಲೋಮೀಟರ್. ಅಲ್ಲಿಯವರೆಗೆ ಹೋಗಿ, ಮೋತಿ ಒದ್ದಾಡಿದರೆ ಕಾರು ತಿರುಗಿಸುವುದು, ಹೆಂಡತಿ ಮತ್ತು ನಾನು ಹದಿನೈದು ಹದಿನೈದು ದಿನ ಒಬ್ಬೊಬ್ಬರೇ ಊರಿಗೆ ಹೋಗುವುದು ಎಂದು ಮಾತಾಡಿಕೊಂಡೆವು. ಈ ಸಲ ಅವಳನ್ನು ಕೇಳಿಯೇ.

ಅಣ್ಣನಿಗೆ ಇದನ್ನು ಹೇಳುವುದೇ ಕಷ್ಟವಾಗಿತ್ತು. ಹಾಸಿಗೆ ಹಿಡಿದ ಅಣ್ಣನಿಗೆ, ನಾಯಿಗೆ ಕಷ್ಟವಾದರೆ ಅರ್ಧ ದಾರಿಯಿಂದ ವಾಪಸ್ ಹೋಗುತ್ತೇನೆ ಎಂದು ಹೇಗೆ ಹೇಳುವುದು? ಆ ಮನೆಯಲ್ಲಿ ನಾಯಿ ಎಂದೂ ಅಂಗಳ ದಾಟಿ ಒಳಗೆ ಬಂದದ್ದಿಲ್ಲ. ನಿನ್ನೆ ರಾತ್ರಿ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ.

"ತಿರುಗಿಸೋದಾದ್ರೆ ತಿರುಗಿಸು ಮಾರಾಯ. ಬಂದ್ರೆ ಇರಲಿ ಅಂತ ಜಗಲಿ ಮೇಲೆ ಒಂದು ಗೋಣಿಚೀಲ ಹಾಸೋಕೆ ಹೇಳಿರ್ತೀನಿ," ಎಂದ.