ದೇಹಕ್ಕೆ ‘ನಾನು’ ಯಾರು?

‘ನಾನು’ ಎಂಬುದರ ಗಡಿ ಎಲ್ಲಿ? ವೇದಾಂತಿಗಳ ಈ ಪ್ರಶ್ನೆಯನ್ನು ದೇಹವೂ ಕ್ಷಣಕ್ಷಣ ಎದುರಿಸುತ್ತದೆ. ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ಟಿ ಕೋಶಗಳ ಪೈಕಿ ಸ್ವಂತ ಅಂಗಾಂಶದ ಮೇಲೆ ಎರಗುವಂಥವು ಹೆಚ್ಚಾಗಿ ಅಲ್ಲೇ ನಾಶವಾಗುತ್ತವೆ. ತಪ್ಪಿಸಿಕೊಂಡವನ್ನು ನಿಯಂತ್ರಕ ಟಿ ಕೋಶಗಳು ಹದ್ದುಬಸ್ತಿನಲ್ಲಿಡುತ್ತವೆ. ಈ ನಿಯಂತ್ರಕ ಕೋಶಗಳ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಸಂದಿತು. ಕರುಳಿನ ಬ್ಯಾಕ್ಟೀರಿಯಾ ಪರಕೀಯ, ಗರ್ಭದ ಶಿಶುವೂ ಅರ್ಧ ಪರಕೀಯ. ದೇಹ ಎರಡನ್ನೂ ಸಹಿಸುತ್ತದೆ.

ಆದರೆ ಎದುರಿಸಲೇಬೇಕಾದ ವೈರಿಯನ್ನು ದೇಹಕ್ಕೆ ಮೊದಲೇ ಪರಿಚಯಿಸುವುದು ಲಸಿಕೆ. ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಶೋಧನಾ ಸಂಸ್ಥೆಯ ಸ್ಥಾಪನೆಗೆ ದುಡಿದ ಡಾ. ಎಂ.ಕೆ. ಭಾನ್, ಅದಕ್ಕೂ ಮುನ್ನ 1980ರ ದಶಕದಲ್ಲಿ, ದೆಹಲಿಯ ಏಮ್ಸ್‌ನ ನವಜಾತ ಶಿಶುಗಳಲ್ಲಿ ಭೇದಿ ತಾರದ ರೋಟಾವೈರಸ್ ತಳಿಯೊಂದನ್ನು ಗುರುತಿಸಿದ್ದರು. ಅದರಿಂದ ಹುಟ್ಟಿದ ರೋಟಾವ್ಯಾಕ್ ಲಸಿಕೆ 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಸೇರಿತು.

ಲಸಿಕೆಯಂತೆ ಗುರಿ ತೋರಿಸದೆ ರೋಗನಿರೋಧಕ ಶಕ್ತಿಯನ್ನು ಸುಮ್ಮನೆ ಕೆರಳಿಸುವುದು ಹಿತವಲ್ಲ; ರುಮಟಾಯ್ಡ್ ಸಂಧಿವಾತ ದೇಹವೇ ತನ್ನ ಕೀಲುಗಳ ಮೇಲೆ ಹೂಡುವ ಯುದ್ಧ. ಅದರ ಬದಲು ಚೆನ್ನಾಗಿ ನಿದ್ದೆ ಮಾಡಿ, ಕಾಳು, ಸೊಪ್ಪು ತಿನ್ನಿ, ಮಕ್ಕಳಿಗೆ ಲಸಿಕೆಯನ್ನು ಸಮಯಕ್ಕೆ ಹಾಕಿಸಿ.