ಮುಖ ಕಾಣದ ಸಾಲ

ಸಾಲ ಕೇಳಲು ಇನ್ನೊಬ್ಬರ ಮನೆಬಾಗಿಲಿಗೆ ಹೋಗಬೇಕು, ತಲೆ ತಗ್ಗಿಸಬೇಕು. ಬಂಡೂರಿನಲ್ಲಿ ಕುರಿ ಮಾರಿ ಮಗನ ಕಾಲೇಜು ಶುಲ್ಕ ಕಟ್ಟುವ ತಂದೆಗೆ ಇದು ಗೊತ್ತು. ಮಗನ ಕೈಯಲ್ಲಿರುವ ಕ್ರೆಡಿಟ್ ಕಾರ್ಡು ಆ ಸಂಕೋಚವನ್ನೇ ಅಳಿಸಿಬಿಡುತ್ತದೆ. ಸಂಪಾದನೆಯಿಲ್ಲದವನ ಸಾಲ ಕೊನೆಗೆ ಯಾರ ಹೆಗಲಿಗೆ?

ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ, ನಿಜ. ಆದರೆ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂಬುದೊಂದಿದೆ. ಅದನ್ನಷ್ಟೇ ಕಟ್ಟಿದವನಿಗೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಊರಿನ ಬಡ್ಡಿ ವ್ಯಾಪಾರಿಯನ್ನು ಶಪಿಸುವ ನಾವು ಇದನ್ನು ಸೌಲಭ್ಯವೆನ್ನುತ್ತೇವೆ! ಶೇ. 30 ಮೀರಬಾರದೆಂಬ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ಸಾಲವನ್ನು ಬರೆದಿಡಿ, ಸಾಕ್ಷಿಗಳಿರಲಿ ಎನ್ನುತ್ತದೆ ಕುರ್‌ಆನ್. ವಿದ್ಯಾರ್ಥಿಯೂ ಅಂದಂದಿನ ಖರ್ಚು ಬರೆದು ಮನೆಯವರಿಗೆ ತೋರಿಸಲಿ. ಬಿಲ್ ಕಟ್ಟುವಷ್ಟು ಹಣ ಮೊದಲೇ ಖಾತೆಯಲ್ಲಿರಲಿ.